ತೀರಿಹೋದವರ ಹೆಸರಿನ ಬ್ಯಾಸ್ಕೆಟ್‌ಬಾಲ್ ಸ್ಕಾಲರ್‌ಶಿಪ್: ಅಮೆರಿಕದ ಹೈಸ್ಕೂಲ್ ಮಕ್ಕಳ ಅಪ್ಪ-ಅಮ್ಮಂದಿರಿಗೆ

ಅಮೆರಿಕದಲ್ಲಿ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಸೀಸನ್ ನವೆಂಬರ್ ಆಸುಪಾಸು ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಊರಿನ ಸ್ಕಾಲರ್‌ಶಿಪ್ ಅರ್ಜಿಗಳ ಕೊನೆಯ ದಿನಾಂಕ ಬಹಳಷ್ಟು ಕಡೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಬರುತ್ತದೆ. ಅಂದರೆ ಆಟ ಜೋರಾಗಿರುವ ಹೊತ್ತಿಗೇ ಕಾಗದಪತ್ರದ ಕೆಲಸವೂ ತಲೆ ಮೇಲೆ ಕೂರುತ್ತದೆ. ಸೀನಿಯರ್ ವರ್ಷದ (ಹೈಸ್ಕೂಲಿನ ಕೊನೆಯ ವರ್ಷದ) ಮಗುವಿಗೆ ಪ್ರಾಕ್ಟೀಸ್, ಹೋಮ್‌ವರ್ಕ್, ಕಾಲೇಜ್ ಅಪ್ಲಿಕೇಶನ್ ಇವೇ ಸಾಕುಸಾಕಾಗಿರುತ್ತವೆ. ಮನೆಯಲ್ಲಿ ಯಾರಾದರೂ ಒಬ್ಬರು ಲೆಕ್ಕ ಇಟ್ಟುಕೊಳ್ಳಲೇಬೇಕು.

ಡಿವಿಷನ್ 1, ಅಂದರೆ ಕಾಲೇಜ್ ಆಟದ ಅತಿ ಮೇಲಿನ ಮಟ್ಟದ ಕಾಲೇಜುಗಳು ಓದಿನ ಪೂರ್ತಿ ಖರ್ಚು ಕೊಡುವ ‘ಫುಲ್ ರೈಡ್’ ಬಗ್ಗೆ ಇಲ್ಲಿ ಬರೆಯುತ್ತಿಲ್ಲ. ಅಮೆರಿಕದಲ್ಲಿ 5 ಲಕ್ಷಕ್ಕೂ ಜಾಸ್ತಿ ಹುಡುಗರು ಹೈಸ್ಕೂಲ್ ಟೀಮ್‌ಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ. ಅವರಲ್ಲಿ ಡಿವಿಷನ್ 1 ತನಕ ಹೋಗುವವರು ನೂರಕ್ಕೆ ಒಬ್ಬರ ಆಸುಪಾಸು. ಅದನ್ನು ನಂಬಿ ಕೂರುವ ಹಾಗಿಲ್ಲ. ನಾನು ಹೇಳುತ್ತಿರುವುದು ತೀರಿಹೋದ ಒಬ್ಬ ಆಟಗಾರ, ಕೋಚ್, ಟೀಚರ್ ಅಥವಾ ರೆಫರಿಯ ನೆನಪಿಗೆ ಮನೆಯವರೋ ಊರಿನವರೋ ಇಟ್ಟ ಸಣ್ಣ ಸ್ಕಾಲರ್‌ಶಿಪ್‌ಗಳ ಬಗ್ಗೆ. 500 ಡಾಲರ್, 1,000 ಡಾಲರ್, ಕೆಲವು ಕಡೆ ಇನ್ನೂ ಹೆಚ್ಚು. ಮೊತ್ತ ಸಣ್ಣದು, ಆದರೆ ಅರ್ಜಿ ಹಾಕುವವರೂ ಕಡಿಮೆ.

ಇಂಥದೊಂದು ನಿಧಿಗೆ ಬರುವ ಅರ್ಜಿಗಳನ್ನು ಓದುವ ಸಮಿತಿಯಲ್ಲಿ ನಾನೂ ಕೂರುತ್ತೇನೆ. ನಮ್ಮ ಕನ್ನಡದವರ ಮಕ್ಕಳ ಅರ್ಜಿಗಳಲ್ಲಿ ಅಂಕ, ಎಪಿ (ಕಾಲೇಜ್ ಮಟ್ಟದ) ಕ್ಲಾಸು, ಮೆಡಲ್‌ಗಳ ಪಟ್ಟಿ ತುಂಬಿರುತ್ತದೆ. ಹೋದ ವ್ಯಕ್ತಿಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಈ ದುಡ್ಡು ಜಾಸ್ತಿ ಪಾಯಿಂಟ್ ಹೊಡೆದವರನ್ನು ಹುಡುಕುವುದಿಲ್ಲ. ಹೋದವರ ಗುಣ ಯಾರಲ್ಲಿ ಕಾಣುತ್ತದೋ ಅವರನ್ನು ಹುಡುಕುತ್ತದೆ.

ಹಂತ 1: ಯಾವುದಕ್ಕೆ ಅರ್ಜಿ ಹಾಕಬಹುದು, ಯಾವುದಕ್ಕೆ ಇಲ್ಲ

ಎಲ್ಲ ಅವಾರ್ಡ್‌ಗೂ ಅರ್ಜಿ ಇರುವುದಿಲ್ಲ. ಇದು ಗೊತ್ತಿಲ್ಲದೆ ಸುಮ್ನೆ ವಾರಗಟ್ಟಲೆ ಹುಡುಕುವವರಿದ್ದಾರೆ.

ಮಿಷಿಗನ್‌ನಲ್ಲಿ ವರ್ಷದ ಅತ್ಯುತ್ತಮ ಸೀನಿಯರ್ ಹುಡುಗನಿಗೆ ಕೊಡುವ ‘ಮಿಸ್ಟರ್ ಬ್ಯಾಸ್ಕೆಟ್‌ಬಾಲ್’ ಅವಾರ್ಡ್‌ಗೆ ಹಾಲ್ ಶ್ರಾಮ್ ಅವರ ಹೆಸರಿದೆ. ಅವರು ಆಟಗಾರರೂ ಅಲ್ಲ, ಕೋಚೂ ಅಲ್ಲ. ಡೆಟ್ರಾಯ್ಟ್ ಫ್ರೀ ಪ್ರೆಸ್ ಪತ್ರಿಕೆಯಲ್ಲಿ ಹೈಸ್ಕೂಲ್ ಆಟಗಳ ಬಗ್ಗೆ ಬರೆಯುತ್ತಿದ್ದ ವರದಿಗಾರರು. 1981ರಿಂದ ಕೊಡುತ್ತಿರುವ ಈ ಅವಾರ್ಡನ್ನು ಕೋಚ್‌ಗಳು ಮತ ಹಾಕಿ ಆರಿಸುತ್ತಾರೆ. ನೀವು ಮಾಡಬೇಕಾದ್ದು ಏನೂ ಇಲ್ಲ. ಮೆಕ್‌ಡೊನಾಲ್ಡ್ಸ್ ಆಲ್ ಅಮೆರಿಕನ್ ಗೇಮ್ ಕೊಡುವ ಮಾರ್ಗನ್ ವೂಟನ್ ಅವಾರ್ಡ್ ಕೂಡ ಹೀಗೇ. ಮೇರಿಲ್ಯಾಂಡ್‌ನ ಡಿಮಾಥಾ ಹೈಸ್ಕೂಲಿನಲ್ಲಿ 1,274 ಪಂದ್ಯ ಗೆಲ್ಲಿಸಿ, 2020ರಲ್ಲಿ ತೀರಿಕೊಂಡ ಕೋಚ್ ಅವರು. ಅಷ್ಟು ಎತ್ತರದ ಅವಾರ್ಡ್‌ನಲ್ಲೂ ನಡತೆ, ನಾಯಕತ್ವ, ತರಗತಿಯ ಓದು ನೋಡುತ್ತಾರೆ ಅನ್ನುವುದನ್ನು ಗಮನಿಸಿ.

ಎರಡನೆಯ ಬಗೆಯಲ್ಲಿ ಶಾಲೆಯೇ ಹೆಸರು ಕಳಿಸುತ್ತದೆ. ಇದಕ್ಕೆ ಇಂಡಿಯಾನಾದಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. ಅಲ್ಲಿ ಹೈಸ್ಕೂಲ್ ಪಂದ್ಯಕ್ಕೆ ಊರಿಗೆ ಊರೇ ಜಿಮ್‌ಗೆ ಬರುತ್ತದೆ. ಹುಡುಗರ ರಾಜ್ಯ ಫೈನಲ್ ಮುಗಿದ ಮೇಲೆ ಆರ್ಥರ್ ಎಲ್. ಟ್ರೆಸ್ಟರ್ ಮೆಂಟಲ್ ಆಟಿಟ್ಯೂಡ್ ಅವಾರ್ಡ್ ಕೊಡುತ್ತಾರೆ. ಟ್ರೆಸ್ಟರ್ ಅವರು ಐಎಚ್‌ಎಸ್‌ಎಎ, ಅಂದರೆ ಆ ರಾಜ್ಯದ ಹೈಸ್ಕೂಲ್ ಕ್ರೀಡಾ ಸಂಘದ ಮೊದಲ ಕಮಿಷನರ್. 1944ರಲ್ಲಿ ತೀರಿಕೊಂಡರು. 1917ರಿಂದ ಗಿಂಬೆಲ್ ಹೆಸರಿನಲ್ಲಿ ಕೊಡುತ್ತಿದ್ದ ಪ್ರಶಸ್ತಿಗೆ 1945ರಿಂದ ಅವರ ಹೆಸರು ಬಂತು. ಪ್ರಿನ್ಸಿಪಾಲ್ ಮತ್ತು ಕೋಚ್ ಸೇರಿ ಹೆಸರು ಸೂಚಿಸಬೇಕು. ನೋಡುವುದು ನಾಲ್ಕು ವಿಷಯ: ಮನೋಭಾವ, ಓದು, ನಾಯಕತ್ವ, ಆಟ. ಆಟ ಬರುವುದು ಕೊನೆಯಲ್ಲಿ! ಹುಡುಗಿಯರ ಫೈನಲ್‌ನಲ್ಲಿ ಇದೇ ಬಗೆಯ ಪ್ರಶಸ್ತಿ ಪೆಟ್ರಿಷಿಯಾ ಎಲ್. ರಾಯ್ ಹೆಸರಿನಲ್ಲಿದೆ.

1954ರಲ್ಲಿ 161 ಮಕ್ಕಳಿದ್ದ ಮಿಲಾನ್ ಶಾಲೆ ಮನ್ಸಿ ಸೆಂಟ್ರಲ್ ಎಂಬ ದೊಡ್ಡ ಶಾಲೆಯನ್ನು 32–30ರಿಂದ ಸೋಲಿಸಿತು. ಇಂಡಿಯಾನಾದವರು ಇವತ್ತಿಗೂ ಆ ಕಥೆ ಹೇಳುತ್ತಾರೆ. ಕೊನೆಯ ಶಾಟ್ ಹಾಕಿದ ಬಾಬಿ ಪ್ಲಂಪ್‌ಗೆ ಆ ವರ್ಷದ ಟ್ರೆಸ್ಟರ್ ಅವಾರ್ಡ್ ಸಿಕ್ಕಿತು. ಇನ್ನೊಂದು ವಿಷಯ. ಈಚಿನ ವರ್ಷಗಳಲ್ಲಿ ಈ ಅವಾರ್ಡ್ ಜೊತೆ ಬರುವ 1,000 ಡಾಲರ್ ಸ್ಕಾಲರ್‌ಶಿಪ್ ವಿದ್ಯಾರ್ಥಿಯ ಕೈಗೆ ಹೋಗುವುದಿಲ್ಲ. ಅವನ ಹೆಸರಿನಲ್ಲಿ ಶಾಲೆಗೆ ಹೋಗುತ್ತದೆ. ಹಾಗಾಗಿ ‘ಅವಾರ್ಡ್ ಜೊತೆ ಸ್ಕಾಲರ್‌ಶಿಪ್’ ಅಂತ ಕಂಡ ಕೂಡಲೇ ಫೀಸಿನ ಲೆಕ್ಕ ಹಾಕಬೇಡಿ. ದುಡ್ಡು ಯಾರಿಗೆ ಹೋಗುತ್ತದೆ ಎಂದು ಮೊದಲು ಓದಿ.

ದುಡ್ಡೇ ಇಲ್ಲದ ನೆನಪುಗಳೂ ಇವೆ. ಶಿಕಾಗೋದ ಸಿಮಿಯನ್ ಶಾಲೆಯ ಬೆನ್ ವಿಲ್ಸನ್ 1984ರಲ್ಲಿ ದೇಶದ ಅತ್ಯುತ್ತಮ ಹೈಸ್ಕೂಲ್ ಆಟಗಾರ ಅನ್ನಿಸಿಕೊಂಡಿದ್ದ. ಆ ನವೆಂಬರ್‌ನಲ್ಲಿ ಶಾಲೆಯ ಹತ್ತಿರವೇ ಗುಂಡೇಟು ಬಿದ್ದು ಮರುದಿನ ತೀರಿಕೊಂಡ. ಅವನ 25ನೇ ನಂಬರಿನ ಜೆರ್ಸಿಯನ್ನು ಆ ಶಾಲೆಯಲ್ಲಿ ಆಮೇಲೆ ನಿಕ್ ಆಂಡರ್ಸನ್, ಡೆರಿಕ್ ರೋಸ್ ತೊಟ್ಟರು. ಮಿಷಿಗನ್‌ನ ಫೆನ್‌ವಿಲ್‌ನಲ್ಲಿ 16 ವರ್ಷದ ವೆಸ್ ಲೆನರ್ಡ್ 2011ರ ಮಾರ್ಚ್ 3ರಂದು ಗೆಲುವಿನ ಬುಟ್ಟಿ ಹಾಕಿ, ಟೀಮಿನ ಸೀಸನ್ ದಾಖಲೆಯನ್ನು 20 ಗೆಲುವು, ಸೊನ್ನೆ ಸೋಲಿಗೆ ತಂದು, ಅಲ್ಲೇ ಕುಸಿದುಬಿದ್ದ. ಹೃದಯ ಹಿಗ್ಗುವ ಕಾಯಿಲೆ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಅವನ ಹೆಸರಿನ ‘ವೆಸ್ ಲೆನರ್ಡ್ ಹಾರ್ಟ್ ಟೀಮ್’ ಶಾಲೆಗಳಿಗೆ ಎಇಡಿ ಯಂತ್ರ ಕೊಡಿಸುತ್ತದೆ. ನಿಂತ ಹೃದಯಕ್ಕೆ ಶಾಕ್ ಕೊಡುವ ಪೆಟ್ಟಿಗೆ ಅದು. ನಿಮ್ಮ ಮಗುವಿನ ಜಿಮ್‌ನಲ್ಲಿ ಅದು ಎಲ್ಲಿದೆ ಅಂತ ನಾಳೆಯೇ ಕೇಳಿಬಿಡಿ. ಸ್ಕಾಲರ್‌ಶಿಪ್‌ಗಿಂತ ಇದು ಮುಖ್ಯ.

ಮೂರನೆಯ ಬಗೆ, ಅಂದರೆ ಮಗುವೇ ಅರ್ಜಿ ಹಾಕುವಂಥದ್ದು, ಮುಂದಿನ ಹಂತಗಳ ವಿಷಯ.

ಹಂತ 2: ಶಾಲೆಯಿಂದ ಶುರು ಮಾಡಿ, ಆಮೇಲೆ ಹೊರಗೆ ಹೋಗಿ

ದೇಶದ ಮಟ್ಟದ ಸ್ಕಾಲರ್‌ಶಿಪ್ ಪಟ್ಟಿಗಳನ್ನು ಮೊದಲು ಮುಚ್ಚಿಡಿ. ಅಲ್ಲಿ ಪೈಪೋಟಿ ಜಾಸ್ತಿ.

ಶಾಲೆಯ ಕೌನ್ಸೆಲಿಂಗ್ ಆಫೀಸಿಗೆ ಸೀನಿಯರ್ ವರ್ಷದ ಸೆಪ್ಟೆಂಬರ್‌ನಲ್ಲೇ ಹೋಗಿ, ಊರಿನ ಸ್ಕಾಲರ್‌ಶಿಪ್‌ಗಳ ಪಟ್ಟಿ ಕೇಳಿ. ಹೊಸದು ಬಂದಿರದಿದ್ದರೆ ಹಿಂದಿನ ವರ್ಷದ್ದೇ ಸಾಕು, ಯಾಕೆಂದರೆ ಹೆಸರುಗಳು ಹೆಚ್ಚು ಬದಲಾಗುವುದಿಲ್ಲ. ಆಮೇಲೆ ಶಾಲೆಯ ಆಟಗಳನ್ನೆಲ್ಲ ನೋಡಿಕೊಳ್ಳುವ ಅಥ್ಲೆಟಿಕ್ ಡೈರೆಕ್ಟರ್. ಬ್ಯಾಸ್ಕೆಟ್‌ಬಾಲ್‌ಗೇ ಮೀಸಲಾದದ್ದು ಕೌನ್ಸೆಲರ್ ಪಟ್ಟಿಯಲ್ಲಿ ಇಲ್ಲದೆ ಇವರ ಹತ್ತಿರ ಮಾತ್ರ ಇರುವುದುಂಟು. ಟೀಮ್‌ಗೆ ದುಡ್ಡು ಕೂಡಿಸುವ ಅಪ್ಪ-ಅಮ್ಮಂದಿರ ಬೂಸ್ಟರ್ ಕ್ಲಬ್‌ನವರನ್ನೂ ಬಿಡಬೇಡಿ.

ಜಿಮ್‌ನ ಗೋಡೆಯನ್ನೂ ನೋಡಿ. ಟ್ರೋಫಿ ಇಟ್ಟ ಗಾಜಿನ ಕಪಾಟಿನಲ್ಲಿ ಒಂದು ಫಲಕ ಇರುತ್ತದೆ, ವರ್ಷಕ್ಕೊಂದು ಹೆಸರು ಕೆತ್ತಿರುತ್ತಾರೆ. ಕೊನೆಯ ಹೆಸರು ಹೋದ ವರ್ಷದ್ದೇ ಆಗಿದ್ದರೆ ಆ ಅವಾರ್ಡ್ ಜೀವಂತವಾಗಿದೆ ಅಂತ.

ಶಾಲೆಯ ಹೊರಗೆ ಮುಖ್ಯವಾದದ್ದು ನಿಮ್ಮ ಕೌಂಟಿಯ ಕಮ್ಯುನಿಟಿ ಫೌಂಡೇಶನ್. ಊರಿನ ಹತ್ತಾರು ಕುಟುಂಬಗಳ ನಿಧಿಗಳನ್ನು ಒಂದೇ ಕಡೆ ನೋಡಿಕೊಳ್ಳುವ ಸಂಸ್ಥೆ ಅದು. ಅನೇಕ ಕಡೆ ಒಂದೇ ಫಾರ್ಮ್ ತುಂಬಿದರೆ ಸಾಕು, ಮಗುವಿಗೆ ಹೊಂದುವ ಎಲ್ಲ ನಿಧಿಗಳಿಗೂ ಅದು ಹೋಗುತ್ತದೆ. ರಾಜ್ಯದ ಕೋಚ್‌ಗಳ ಸಂಘ ಮತ್ತು ರೆಫರಿಗಳ ಸಂಘಗಳಲ್ಲೂ ತೀರಿಹೋದ ಸದಸ್ಯರ ಹೆಸರಿನ ಸ್ಕಾಲರ್‌ಶಿಪ್ ಇರಬಹುದು. ಬೇಸಿಗೆ ಲೀಗ್‌ನಲ್ಲಿ ಸಣ್ಣ ಮಕ್ಕಳ ಪಂದ್ಯಕ್ಕೆ ಸೀಟಿ ಊದಿದ ಮಕ್ಕಳು ಇದನ್ನು ತಪ್ಪದೇ ವಿಚಾರಿಸಬೇಕು.

ಒಂದು ಎಚ್ಚರಿಕೆ: ಅರ್ಜಿಗೆ ಫೀಸ್ ಕೇಳಿದರೆ, ಬ್ಯಾಂಕ್ ಅಕೌಂಟ್ ನಂಬರ್ ಕೇಳಿದರೆ, ಅರ್ಜಿಯನ್ನೇ ಹಾಕದೆ ‘ನೀವು ಆಯ್ಕೆಯಾಗಿದ್ದೀರಿ’ ಅಂತ ಬಂದರೆ ಅದು ಮೋಸ.

ಹಂತ 3: ವೀಸಾ ಪ್ರಶ್ನೆ ಮೊದಲೇ ಬಗೆಹರಿಸಿಕೊಳ್ಳಿ

ನಮ್ಮಲ್ಲಿ ಎಷ್ಟೋ ಮಕ್ಕಳು ಎಚ್-4ರಲ್ಲಿ, ಅಂದರೆ ಅಪ್ಪ ಅಥವಾ ಅಮ್ಮನ ಕೆಲಸದ ವೀಸಾ ಆಧಾರದ ಅವಲಂಬಿತರ ವೀಸಾದಲ್ಲಿ ಇರುತ್ತಾರೆ. ಅವರಿಗೆ ಸರ್ಕಾರದ ಫೆಡರಲ್ ನೆರವು ಸಿಗುವುದಿಲ್ಲ. ಅದು ಸಿಟಿಜನ್, ಗ್ರೀನ್ ಕಾರ್ಡ್ ಇರುವವರು ಮತ್ತು ಇನ್ನು ಕೆಲವು ವರ್ಗದವರಿಗೆ ಮಾತ್ರ. ಅದರಿಂದ ‘ನಮಗೆ ಯಾವುದೂ ಇಲ್ಲ’ ಅಂತ ಮನೆಯವರು ಕೈಚೆಲ್ಲುತ್ತಾರೆ. ಖಾಸಗಿ ನಿಧಿಗಳ ನಿಯಮ ಬೇರೆ. ಅದನ್ನು ಇಟ್ಟ ಕುಟುಂಬ ಏನು ಬರೆಯಿತೋ ಅದೇ ನಿಯಮ. ಸಣ್ಣ ನೆನಪಿನ ನಿಧಿಗಳಲ್ಲಿ ‘ಈ ಶಾಲೆಯಲ್ಲಿ ಓದಿ, ಈ ಆಟ ಆಡಿರಬೇಕು’ ಅಂತ ಇರುತ್ತದೆಯೇ ಹೊರತು ಪಾಸ್‌ಪೋರ್ಟಿನ ಮಾತೇ ಇರುವುದಿಲ್ಲ, ಎಷ್ಟೋ ಸಲ.

ಎರಡು ಕಡೆ ತೊಡಕು ಬರುತ್ತದೆ. ಫಾರ್ಮ್‌ನಲ್ಲಿ ಸೋಶಿಯಲ್ ಸೆಕ್ಯೂರಿಟಿ ನಂಬರ್ ಕೇಳಿರುತ್ತಾರೆ, ಎಚ್-4 ಮಕ್ಕಳಿಗೆ ಸಾಮಾನ್ಯವಾಗಿ ಅದು ಇರುವುದಿಲ್ಲ. ಸುಳ್ಳು ನಂಬರ್ ಹಾಕಬೇಡಿ, ‘ಇಲ್ಲದಿದ್ದರೆ ಏನು ಬರೆಯಬೇಕು’ ಅಂತ ಇಮೇಲ್ ಮಾಡಿ. ಇನ್ನೊಂದು, ಮನೆಯ ಆದಾಯಕ್ಕೆ ಎಫ್‌ಎಎಫ್‌ಎಸ್‌ಎ (ಫೆಡರಲ್ ನೆರವಿನ ಅರ್ಜಿ) ಫಾರ್ಮ್‌ನ ಪ್ರತಿ ಕೇಳಿರುತ್ತಾರೆ. ಅದರ ಬದಲು ಟ್ಯಾಕ್ಸ್ ರಿಟರ್ನ್ ಕೊಟ್ಟರೆ ಆಗುತ್ತದಾ ಅಂತ ಕೇಳಿ. ಕೇಳಿದವರನ್ನು ಯಾರೂ ಕೆಟ್ಟದಾಗಿ ನೋಡುವುದಿಲ್ಲ.

ಹಂತ 4: ಅವರು ಯಾರು ಅಂತ ತಿಳಿದುಕೊಳ್ಳಿ

ಪಟ್ಟಿಯಲ್ಲಿ ಸಿಕ್ಕ ಪ್ರತಿಯೊಂದು ಹೆಸರಿನ ಎದುರು ಎರಡು ಸಾಲು ಬರೆಯಲು ಆಗಬೇಕು. ಆ ವ್ಯಕ್ತಿ ಏನಾಗಿದ್ದರು? ಜನ ಅವರನ್ನು ಯಾವುದಕ್ಕೆ ನೆನೆಯುತ್ತಾರೆ? ಊರಿನ ಪತ್ರಿಕೆಯ ಹಳೆಯ ಸಂಚಿಕೆ, ಶಾಲೆಯ ಲೈಬ್ರರಿಯಲ್ಲಿರುವ ಇಯರ್‌ಬುಕ್, ಹಳೆಯ ಟೀಚರ್‌ಗಳು ಇದ್ದೇ ಇದ್ದಾರೆ. ಹದಿನೈದು ವರ್ಷ ಹಿಂದಿನ ಆಟಗಾರನ ಬಗ್ಗೆ ಕೇಳಿದರೆ ಕೋಚ್‌ಗೆ ಖುಷಿಯಾಗುತ್ತದೆ. ನಿಲ್ಲದೆ ಹೇಳುತ್ತಾರೆ.

ತೀರಿಹೋದವರ ಮನೆಗೆ ಫೋನ್ ಮಾಡಲು ಹೋಗಬೇಡಿ. ಸಾವು ಹೇಗಾಯಿತು ಅನ್ನುವುದನ್ನು ಕೆದಕಬೇಡಿ. ನಿಮಗೆ ಬೇಕಾದ್ದು ಆ ವ್ಯಕ್ತಿ ಹೇಗೆ ಬದುಕಿದ್ದರು ಅನ್ನುವುದು. ಬೆಂಚ್‌ನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ಹುಡುಗನಾ? ಪ್ರಾಕ್ಟೀಸ್ ಮುಗಿದ ಮೇಲೆ ಮನೆಗೆ ಹೋಗಲು ಕಾರಿಲ್ಲದ ಮಕ್ಕಳನ್ನು ಬಿಟ್ಟು ಬರುತ್ತಿದ್ದ ಕೋಚಾ? ಮಂಡಿ ಮುರಿದುಕೊಂಡ ವರ್ಷವೂ ಪ್ರತಿ ಪಂದ್ಯಕ್ಕೆ ಬಂದು ನೀರಿನ ಬಾಟಲಿ ಹಂಚಿದ ಹುಡುಗಿಯಾ? ಇದು ಗೊತ್ತಾದರೆ ಯಾವ ನಿಧಿಗೆ ನಿಮ್ಮ ಮಗು ಹೊಂದುತ್ತದೆ ಅಂತ ತಾನಾಗೇ ಗೊತ್ತಾಗುತ್ತದೆ. ಹತ್ತು ಕಡೆ ಒಂದೇ ಪ್ರಬಂಧ ಕಳಿಸುವುದಕ್ಕಿಂತ ಮೂರು ಕಡೆ ಸರಿಯಾದದ್ದು ಕಳಿಸುವುದು ಮೇಲು.

ಹಂತ 5: ಪ್ರಬಂಧ

ಎಲ್ಲದರ ತೂಕ ಇರುವುದು ಇಲ್ಲೇ. ಅಂಕಪಟ್ಟಿ, ಆಟದ ದಾಖಲೆಗಳೆಲ್ಲ ಅರ್ಜಿಯ ಬೇರೆ ಪುಟದಲ್ಲಿ ಇರುತ್ತವೆ. ಅವನ್ನೇ ಪ್ರಬಂಧದಲ್ಲಿ ಮತ್ತೆ ಬರೆದರೆ ಓದುವವರಿಗೆ ಹೊಸದೇನೂ ಸಿಗುವುದಿಲ್ಲ.

‘ಬ್ಯಾಸ್ಕೆಟ್‌ಬಾಲ್ ನನಗೆ ಶಿಸ್ತು ಕಲಿಸಿತು, ಒಗ್ಗಟ್ಟು ಕಲಿಸಿತು’ ಎಂದು ಬರೆದ ಪ್ರಬಂಧಗಳು ರಾಶಿ ಬರುತ್ತವೆ. ಓದಿ ಮುಗಿಸಿದ ಮೇಲೆ ಒಂದೂ ನೆನಪಿರುವುದಿಲ್ಲ. ‘ಮೂರನೇ ಕ್ವಾರ್ಟರ್‌ನಲ್ಲಿ ನಮ್ಮ ಪಾಯಿಂಟ್ ಗಾರ್ಡ್ ಅಳುತ್ತಾ ಬೆಂಚಿಗೆ ಬಂದ. ಅವನ ಅಜ್ಜ ಆಸ್ಪತ್ರೆಯಲ್ಲಿದ್ದದ್ದು ನನಗೊಬ್ಬನಿಗೇ ಗೊತ್ತಿತ್ತು. ನಾನು ಕೋಚ್ ಹತ್ತಿರ ಹೋಗಿ...’ ಅಂತ ಶುರುವಾದರೆ ಸಮಿತಿಯವರು ಕಾಫಿ ಕೆಳಗಿಡುತ್ತಾರೆ. ಒಂದೇ ಘಟನೆ ಸಾಕು. ಅದನ್ನು ಬಿಡಿಸಿ ಬರೆಯಲಿ.

ಹೆಚ್ಚು ಆಡದ ಮಕ್ಕಳು ಅದನ್ನು ಮುಚ್ಚಿಡುವುದು ಬೇಡ. ಜೂನಿಯರ್ ವಾರ್ಸಿಟಿಯಲ್ಲೇ (ಶಾಲೆಯ ಎರಡನೇ ಟೀಮ್‌ನಲ್ಲೇ) ಉಳಿದವರು, ಟೀಮ್ ಮ್ಯಾನೇಜರ್ ಆಗಿದ್ದವರು, ಸ್ಕೋರ್‌ಬುಕ್ ಬರೆದವರು, ಎಲ್ಲರೂ ಅರ್ಜಿ ಹಾಕಬಹುದಾ ಅಂತ ನಿಯಮ ನೋಡಿ. ಎಷ್ಟೋ ಕಡೆ ‘ಟೀಮ್‌ನ ಸದಸ್ಯ’ ಎಂದಷ್ಟೇ ಇರುತ್ತದೆ. ಶನಿವಾರ ಕನ್ನಡ ಕೂಟದ ಪುಟ್ಟ ಮಕ್ಕಳಿಗೆ ಡ್ರಿಬ್ಲಿಂಗ್ ಹೇಳಿಕೊಟ್ಟಿದ್ದರೆ ಅದೂ ಸಮಾಜಸೇವೆಯೇ. ಕೂಟ ಅಂದರೆ ಏನು ಅಂತ ಒಂದು ಸಾಲಿನಲ್ಲಿ ಹೇಳಿದರೆ ಓದುವವರಿಗೆ ಗೊತ್ತಾಗುತ್ತದೆ.

ಹೋದವರ ಹೆಸರು ಪ್ರಬಂಧದಲ್ಲಿ ಎಲ್ಲಿ ಬರಬೇಕು? ನನ್ನ ಅಭಿಪ್ರಾಯ: ಒಂದು ಸಲ, ಹೆಚ್ಚೆಂದರೆ ಎರಡು ಸಲ, ಮಗುವಿನ ಸ್ವಂತ ಕಥೆ ಹೇಳಿದ ಮೇಲೆ. ‘ನಾನೂ ಅವರ ಹಾಗೇ’ ಎನ್ನುವುದು ಬೇಡ, ಅದು ಮನೆಯವರಿಗೆ ಚುಚ್ಚಬಹುದು. ‘ಅವರು ಹೀಗೆ ಮಾಡುತ್ತಿದ್ದರು ಅಂತ ಕೋಚ್ ಹೇಳಿದರು, ಅದನ್ನು ಕೇಳಿ ನಾನು ಇದನ್ನು ಶುರು ಮಾಡಿದೆ’ ಎಂದರೆ ಸಾಕು. ಪರಿಚಯವೇ ಇಲ್ಲದವರ ಬಗ್ಗೆ ಪರಿಚಯ ಇದ್ದ ಹಾಗೆ ಬರೆಯುವುದಂತೂ ಬೇಡವೇ ಬೇಡ. ಓದುವವರಲ್ಲಿ ಅವರ ಅಮ್ಮನೋ ತಮ್ಮನೋ ಇರಬಹುದು, ಅಲ್ವಾ?

ಅಪ್ಪ-ಅಮ್ಮ ಬರೆದ ಪ್ರಬಂಧ ಎರಡನೇ ಸಾಲಿಗೇ ಗೊತ್ತಾಗಿಬಿಡುತ್ತದೆ. ಕಾಗುಣಿತ ನೋಡಿ, ಕೈ ಹಿಂದಕ್ಕೆ ತೆಗೆಯಿರಿ.

ಹಂತ 6: ರೆಕಮೆಂಡೇಶನ್ ಲೆಟರ್

ಕೊನೆಯ ದಿನಕ್ಕೆ ಕನಿಷ್ಠ ಮೂರು ವಾರ ಮುಂಚೆ ಕೇಳಬೇಕು. ಫೆಬ್ರವರಿಯಲ್ಲಿ ಕೋಚ್ ಪ್ಲೇಆಫ್ ಗಡಿಬಿಡಿಯಲ್ಲಿರುತ್ತಾರೆ, ಡಿಸೆಂಬರ್ ರಜೆಗೆ ಮೊದಲೇ ಮಾತಾಡಿಟ್ಟರೆ ಒಳ್ಳೆಯದು. ಕೇಳುವುದು ಮಗುವೇ, ನೀವಲ್ಲ. ಜೊತೆಗೆ ಅರ್ಧ ಪುಟ ಕೊಡಿ: ಯಾರ ಹೆಸರಿನ ಸ್ಕಾಲರ್‌ಶಿಪ್, ಏನನ್ನು ನೋಡುತ್ತಾರೆ, ಕೋಚ್ ಕಣ್ಣಾರೆ ಕಂಡ ಎರಡು ಸಂದರ್ಭ. ಹೆಡ್ ಕೋಚ್‌ಗಿಂತ ದಿನಾ ಜೊತೆಗಿದ್ದ ಅಸಿಸ್ಟೆಂಟ್ ಕೋಚ್ ಚೆನ್ನಾಗಿ ಬರೆಯಬಲ್ಲರು ಅನ್ನಿಸಿದರೆ ಅವರನ್ನೇ ಕೇಳಲಿ.

ಹಂತ 7: ಸಿಕ್ಕಿದ ಮೇಲೆ

ಸೀಸನ್ ಇನ್ನೂ ಮುಗಿದಿಲ್ಲ ಅಂದರೆ ನಗದಾಗಲಿ ಗಿಫ್ಟ್ ಕಾರ್ಡ್ ಆಗಲಿ ತೆಗೆದುಕೊಳ್ಳುವ ಮೊದಲು ಅಥ್ಲೆಟಿಕ್ ಡೈರೆಕ್ಟರ್ ಹತ್ತಿರ ಕೇಳಿ. ಹೈಸ್ಕೂಲ್ ಆಟಗಾರರಿಗೆ ಅಮೆಚೂರ್ ನಿಯಮ (ಆಟಕ್ಕೆ ದುಡ್ಡು ಪಡೆಯುವ ಬಗೆಗಿನ ನಿಯಮ) ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ನೇರವಾಗಿ ಕಾಲೇಜಿಗೆ ಹೋಗುವ ಚೆಕ್ ಎಲ್ಲಕ್ಕಿಂತ ಸಲೀಸು. ಮಗು ಕಾಲೇಜಿನಲ್ಲೂ ಆಡುವುದಾದರೆ ಅಲ್ಲಿ ಆಟದ ನಿಯಮಗಳನ್ನು ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸಿಗೂ ತಿಳಿಸಿ. ಡಿವಿಷನ್ 3 ಕಾಲೇಜುಗಳು ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಹಾಗಾಗಿ ಹೊರಗಿನಿಂದ ಬರುವ ಆಟದ ಹೆಸರಿನ ದುಡ್ಡಿನ ಬಗ್ಗೆ ಅವರು ಪ್ರಶ್ನೆ ಕೇಳಬಹುದು.

ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೆ ಒಂದು ಪ್ರಶ್ನೆ ಹಾಕಲೇಬೇಕು: ಹೊರಗಿನ ಸ್ಕಾಲರ್‌ಶಿಪ್ ಬಂದರೆ ನೀವು ಕೊಟ್ಟದ್ದರಲ್ಲಿ ಯಾವುದನ್ನು ಕಡಿಮೆ ಮಾಡುತ್ತೀರಿ? ಸಾಲದ ಭಾಗ ಕಡಿಮೆ ಮಾಡಿದರೆ ಲಾಭ. ತಮ್ಮ ಗ್ರಾಂಟ್ ಕಡಿಮೆ ಮಾಡಿದರೆ ನಿಮಗೆ ಬಂದದ್ದು ಸೊನ್ನೆ. ಸರ್ಕಾರಿ ಕಾಲೇಜುಗಳು ಹೀಗೆ ಕತ್ತರಿ ಹಾಕುವುದಕ್ಕೆ ಮೇರಿಲ್ಯಾಂಡ್ 2017ರಲ್ಲಿ ಮೊದಲು ಕಡಿವಾಣ ಹಾಕಿತು, ಆಮೇಲೆ ಇನ್ನೂ ಕೆಲವು ರಾಜ್ಯಗಳು ಕಾನೂನು ತಂದವು.

ತೆರಿಗೆ ಲೆಕ್ಕ ಸರಳ. ಡಿಗ್ರಿ ಓದುವವರ ಟ್ಯೂಷನ್, ಫೀಸ್, ಕೋರ್ಸಿಗೆ ಬೇಕೇಬೇಕಾದ ಪುಸ್ತಕಗಳಿಗೆ ಖರ್ಚಾದರೆ ತೆರಿಗೆ ಇಲ್ಲ. ಹಾಸ್ಟೆಲ್, ಊಟಕ್ಕೆ ಹೋದರೆ ಅದು ಆದಾಯ.

ಮೇ ತಿಂಗಳಲ್ಲಿ ಅವಾರ್ಡ್ಸ್ ನೈಟ್ ಇರುತ್ತದೆ. ನಿಧಿ ಇಟ್ಟ ಕುಟುಂಬದವರು ಬಂದು ತಾವೇ ಕೊಡುವುದುಂಟು. ಮಕ್ಕಳಿಗೆ ಅವರ ಎದುರು ಮಾತು ಹೊರಡುವುದಿಲ್ಲ, ಸುಮ್ಮನೆ ‘ಥ್ಯಾಂಕ್ಯೂ’ ಅಂದು ಓಡುತ್ತಾರೆ. ತೀರಿಹೋದವರ ಹೆಸರು ಎತ್ತಿದರೆ ಅವರಿಗೆ ನೋವಾಗುತ್ತದೆ ಅಂತ ನಮ್ಮವರು ಅಂದುಕೊಳ್ಳುತ್ತೇವೆ. ಆ ಹೆಸರನ್ನು ನಾಲ್ಕು ಜನ ಹೇಳಲಿ ಅಂತಲೇ ತಾನೇ ಅವರು ನಿಧಿ ಇಟ್ಟದ್ದು? ಹೆಸರು ಹಿಡಿದು ಒಂದು ಮಾತಾಡಲಿ. ವಾರದೊಳಗೆ ಕೈಯಲ್ಲಿ ಬರೆದ ಪತ್ರ ಕಳಿಸಲಿ. ಕಾಲೇಜಿನ ಮೊದಲ ವರ್ಷ ಮುಗಿದಾಗ ಇನ್ನೊಂದು.

ನೀವೇ ಒಂದು ನಿಧಿ ಇಡುವುದಾದರೆ

ಕೆಲವರು ಈ ಕಡೆಯಿಂದಲೂ ಕೇಳುತ್ತಾರೆ. ಸಂಕಟದ ಹೊತ್ತಿನಲ್ಲಿ ಗೋಫಂಡ್‌ಮಿ (ಆನ್‌ಲೈನ್ ಚಂದಾ ಪುಟ) ಶುರು ಮಾಡಿ ‘ಸ್ಕಾಲರ್‌ಶಿಪ್ ಕೊಡುತ್ತೇವೆ’ ಅಂತ ಬರೆಯುವುದು ಸಹಜ. ಆದರೆ ವ್ಯಕ್ತಿಯ ಹೆಸರಿಗೆ ಹೋದ ಆ ದುಡ್ಡಿಗೆ ದಾನಿಗಳಿಗೆ ತೆರಿಗೆ ವಿನಾಯಿತಿ ಇಲ್ಲ, ದಾನಿಗಳ ಆಫೀಸು ಸೇರಿಸಿ ಕೊಡುವ ಮ್ಯಾಚಿಂಗ್ ದುಡ್ಡೂ ಬರುವುದಿಲ್ಲ. ಶಾಲೆಯ ಎಜುಕೇಶನ್ ಫೌಂಡೇಶನ್ ಅಥವಾ ಕಮ್ಯುನಿಟಿ ಫೌಂಡೇಶನ್ ಒಳಗೆ ಇಟ್ಟರೆ ಎರಡೂ ಸಾಧ್ಯ, ಲೆಕ್ಕಪತ್ರದ ತಲೆನೋವೂ ಅವರದ್ದೇ. ಸ್ವಂತ ಫೌಂಡೇಶನ್ ಕಟ್ಟುವ ಗೋಜು ಇಷ್ಟು ಸಣ್ಣ ಮೊತ್ತಕ್ಕೆ ಬೇಡ. ಸ್ಕಾಲರ್‌ಶಿಪ್ ಕೊಡುವ ವಿಧಾನಕ್ಕೆ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ಮೊದಲೇ ಒಪ್ಪಿಗೆ ಪಡೆಯಬೇಕಾಗುತ್ತದೆ.

ಲೆಕ್ಕ ಹೀಗೆ: ಶಾಶ್ವತ ನಿಧಿಗಳು ವರ್ಷಕ್ಕೆ ಅಸಲಿನ ನೂರಕ್ಕೆ 4 ಅಥವಾ 5ರಷ್ಟು ಕೊಡುತ್ತವೆ. ಪ್ರತಿ ವರ್ಷ 1,000 ಡಾಲರ್ ಕೊಡಬೇಕಾದರೆ 20,000ದಿಂದ 25,000 ಡಾಲರ್ ಅಸಲು ಬೇಕು. ಅಷ್ಟಿಲ್ಲದಿದ್ದರೆ ‘ಐದು ವರ್ಷ, ವರ್ಷಕ್ಕೆ 1,000’ ಅಂತ ಇಡಿ. ಅದರಲ್ಲಿ ಕೊರತೆ ಏನೂ ಇಲ್ಲ.

ಆಯ್ಕೆ ಸಮಿತಿಯಲ್ಲಿ ಮನೆಯವರು ಇರಬಹುದು, ಆದರೆ ಹಿಡಿತ ಅವರದ್ದಾಗಿರಬಾರದು. ನಿಮ್ಮ ನೆಂಟರ ಮಕ್ಕಳಿಗೆ ಕೊಡುವಂತಿಲ್ಲ. ನಿಯಮ ಬರೆಯುವಾಗ ಒಂದು ವಿಷಯ ನೋಡಿಕೊಳ್ಳಿ. ಹೋದ ಹುಡುಗನ ಜಿಪಿಎ (4ಕ್ಕೆ ಇಷ್ಟು ಎಂಬ ಸರಾಸರಿ ಅಂಕ) 2.8 ಇತ್ತು, ಎಲ್ಲರೂ ಅವನನ್ನು ನೆನೆಯುವುದು ಸ್ನೇಹಕ್ಕೆ ಅಂತಿಟ್ಟುಕೊಳ್ಳಿ. ಸ್ಕಾಲರ್‌ಶಿಪ್‌ಗೆ 3.8 ಬೇಕು ಅಂತ ಬರೆದರೆ ಅವನೇ ಅದಕ್ಕೆ ಅರ್ಜಿ ಹಾಕುವಂತಿರಲಿಲ್ಲ. ಕಮ್ಯುನಿಟಿ ಕಾಲೇಜ್, ಎಲೆಕ್ಟ್ರಿಷಿಯನ್ ಥರದ ಟ್ರೇಡ್ ಸ್ಕೂಲ್‌ಗೆ ಹೋಗುವವರಿಗೂ ಬಾಗಿಲು ತೆರೆದಿಡಿ. ‘ಯಾವುದೇ ವೀಸಾ ಸ್ಥಿತಿಯವರೂ ಅರ್ಹರು’ ಎಂಬ ಒಂದು ಸಾಲು ಸೇರಿಸಿ. ಕೌನ್ಸೆಲರ್ ಆ ಮಕ್ಕಳಿಗೆ ಫಾರ್ಮ್ ಕೊಡಲು ಆಮೇಲೆ ಹಿಂದೆಮುಂದೆ ನೋಡುವುದಿಲ್ಲ.